ಬಯಲಲ್ಲಿ ನಿಂತ ಟ್ಯಾಂಕ್‌ಗಳನ್ನು ಆಕಾಶದಿಂದ ಎಣಿಸುವುದು ಹೇಗೆ?

ಪ್ರಶ್ನೆ: ರಷ್ಯಾ ತನ್ನ ಹಳೆ ಸೋವಿಯತ್ ಟ್ಯಾಂಕ್‌ಗಳ ದಾಸ್ತಾನನ್ನು ಉಕ್ರೇನ್ ಯುದ್ಧದಲ್ಲಿ ಹೆಚ್ಚುಕಡಿಮೆ ಖಾಲಿ ಮಾಡಿಕೊಂಡಿದೆ ಎಂದು ಉಪಗ್ರಹ ಚಿತ್ರ ತೋರಿಸಿ ಹೇಳುತ್ತಾರೆ. ಈ ಲೆಕ್ಕ ಹಾಕುವುದು ಹೇಗೆ? ಎಷ್ಟು ನಂಬಬಹುದು? ಮನೆಯಲ್ಲಿ ಕೂತು ನಾನೂ ಮಾಡಿ ನೋಡಬಹುದಾ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಮೂರನೇ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಮಾಡಬಹುದು. ಈ ಲೆಕ್ಕದಲ್ಲಿ ಹೆಸರು ಮಾಡಿದವರೇ ಹವ್ಯಾಸಿಗಳು. ‘ಕೋವರ್ಟ್ ಕಬಾಲ್’ ಎಂಬ ಯೂಟ್ಯೂಬ್ ಚಾನೆಲ್ ಇದೆ. ಎಕ್ಸ್‌ನಲ್ಲಿ ‘ಹೈಮಾರ್ಸ್ಡ್’, ‘ಜಾಂಪಿ’ ಎಂಬ ಖಾತೆಗಳಿವೆ. ದುಡ್ಡು ಕೊಟ್ಟು ಚಿತ್ರ ಕೊಂಡು, ಪರದೆಯ ಮೇಲೆ ಒಂದೊಂದೇ ಟ್ಯಾಂಕಿಗೆ ಚುಕ್ಕೆ ಇಟ್ಟು ಎಣಿಸಿದವರು ಇವರು. ದೊಡ್ಡ ಪತ್ರಿಕೆಗಳು ಕೂಡ ಆಮೇಲೆ ಇವರ ಅಂಕಿಗಳನ್ನೇ ಎತ್ತಿಕೊಂಡವು.

ಇಷ್ಟು ಸಾಮಾನು ಬಯಲಲ್ಲಿ ಯಾಕಿದೆ ಎಂಬುದು ಗೊತ್ತಿದ್ದರೆ ಉಳಿದದ್ದು ಸುಲಭವಾಗಿ ತಿಳಿಯುತ್ತದೆ. 1990ರ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಯುರೋಪಿನಲ್ಲಿ, ಅಂದರೆ ಉರಲ್ ಬೆಟ್ಟಗಳವರೆಗೆ, ಯಾರು ಎಷ್ಟು ಟ್ಯಾಂಕ್, ಎಷ್ಟು ಫಿರಂಗಿ ಇಟ್ಟುಕೊಳ್ಳಬಹುದು ಎಂಬ ಮಿತಿ ಅದರಲ್ಲಿತ್ತು. ಸಹಿಗೆ ಮುಂಚೆಯೇ ಸೋವಿಯತ್ ಒಕ್ಕೂಟ ಹತ್ತಾರು ಸಾವಿರ ಟ್ಯಾಂಕ್, ಕವಚ ವಾಹನ, ಫಿರಂಗಿಗಳನ್ನು ರೈಲಿಗೆ ಹೇರಿ ಉರಲ್ ಆಚೆಗೆ ಕಳಿಸಿತು. ಅಷ್ಟಕ್ಕೆಲ್ಲ ಶೆಡ್ ಎಲ್ಲಿಂದ ತರೋದು? ಸೈಬೀರಿಯಾದ ಬಯಲುಗಳಲ್ಲಿ, ರೈಲು ಹಳಿಗಳ ಪಕ್ಕದಲ್ಲಿ, ಸಾಲು ಸಾಲಾಗಿ ನಿಲ್ಲಿಸಿದರು. ಮರುವರ್ಷ ದೇಶವೇ ಒಡೆಯಿತು. ಸಾಮಾನು ಅಲ್ಲೇ ನಿಂತಿತು, ಮೂವತ್ತು ವರ್ಷ ಮಳೆ, ಹಿಮ, ಬಿಸಿಲು ತಿನ್ನುತ್ತಾ.

ಹಾಗಾಗಿ ಬುರ್ಯಾಟಿಯಾದ ವಗ್ಜಾನೋವೊ, ದೂರಪೂರ್ವದ ಅರ್ಸೆನ್ಯೆವ್, ಅಲ್ಟಾಯ್‌ನ ಟಾಪ್ಚಿಖಾ, ಕ್ರಾಸ್ನೊಯಾರ್ಸ್ಕ್ ಕಡೆಯ ಕೊಜುಲ್ಕಾ, ಉರಲ್ ಈಚೆ ಬದಿಯ ಕೊಸ್ತ್ರೊಮಾ ಪ್ರಾಂತ್ಯದ ಬೂಯ್, ಇಂಥ ಊರುಗಳ ಹೆಸರು ಇವತ್ತು ಯುದ್ಧ ಗಮನಿಸುವವರ ಬಾಯಲ್ಲಿ ಓಡಾಡುತ್ತವೆ. ಇವೆಲ್ಲ ಟ್ಯಾಂಕ್ ದಾಸ್ತಾನಿನ ನೆಲೆಗಳು. ಮುಚ್ಚಿಡುವ ಪ್ರಯತ್ನ ಯಾರೂ ಮಾಡಿಲ್ಲ. ವೋಲ್ಗಾ ದಡದ ಎಂಗೆಲ್ಸ್ ವಾಯುನೆಲೆಯಲ್ಲಿ ನೆಲದ ಮೇಲೆ ಬಾಂಬರ್ ವಿಮಾನಗಳ ಚಿತ್ರ ಬರೆದು ಮೋಸ ಮಾಡಲು ನೋಡಿದ ದೇಶವೇ ಇದು. ಆದರೆ ಸಾವಿರಗಟ್ಟಲೆ ಹಳೆ ಟ್ಯಾಂಕಿಗೆ ಯಾರು ಆ ಕಷ್ಟಪಡುತ್ತಾರೆ?

ಬೇಕೆಂದೇ ತೋರಿಸಿದ ಕಾಲವೂ ಒಂದಿತ್ತು ಅನ್ನಿ. ಅಮೆರಿಕ, ಸೋವಿಯತ್ ನಡುವೆ ಅಣ್ವಸ್ತ್ರ ಕಡಿತಕ್ಕೆಂದು ಆದ 1991ರ ಸ್ಟಾರ್ಟ್ ಒಪ್ಪಂದದ ಪ್ರಕಾರ ಅಮೆರಿಕ ತನ್ನ 365 ಬಿ-52 ಬಾಂಬರ್‌ಗಳನ್ನು ನಾಶ ಮಾಡಬೇಕಿತ್ತು. ಅರಿಜೋನಾದ ಟೂಸಾನ್ ಹತ್ತಿರದ ಡೇವಿಸ್-ಮಾಂಥನ್ ನೆಲೆಯಲ್ಲಿ ಕ್ರೇನಿನಿಂದ ದೊಡ್ಡ ಉಕ್ಕಿನ ಅಲಗು ಬೀಳಿಸಿ ವಿಮಾನಗಳನ್ನು ತುಂಡು ಮಾಡಿದರು. ತುಂಡುಗಳನ್ನು 90 ದಿನ ಹಾಗೆಯೇ ಬಿಸಿಲಿಗೆ ಬಿಟ್ಟರು, ಎದುರು ಪಕ್ಷದ ಉಪಗ್ರಹ ನೋಡಿ ಲೆಕ್ಕ ಹಾಕಿಕೊಳ್ಳಲಿ ಎಂದು. ಅಂಥ ಚಿತ್ರ ಆಗ ಎರಡು ಸರ್ಕಾರಗಳ ಬೀರುವಿನಲ್ಲಿ ಮಾತ್ರ ಇರುತ್ತಿತ್ತು. ಈಗ ಕಾರ್ಡ್ ಉಜ್ಜಿದರೆ ಸಿಗುತ್ತದೆ.

ಈಗ ಎಣಿಕೆಗೆ ಬರೋಣ. ಎಲ್ಲವೂ ನಿಂತಿರುವುದು ಒಂದು ಪಿಕ್ಸೆಲ್ ನೆಲದ ಮೇಲೆ ಎಷ್ಟು ಜಾಗ ತೋರಿಸುತ್ತದೆ ಎಂಬುದರ ಮೇಲೆ. ಟಿ-72 ಟ್ಯಾಂಕಿನ ಒಡಲು ಸುಮಾರು 7 ಮೀಟರ್ ಉದ್ದ, 3.6 ಮೀಟರ್ ಅಗಲ. ವರ್ಲ್ಡ್‌ವ್ಯೂ-3 ತರಹದ ಉಪಗ್ರಹದ ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ 30 ಸೆಂಟಿಮೀಟರ್. ಅದರಲ್ಲಿ ಈ ಟ್ಯಾಂಕ್ ಅಗಲಕ್ಕೆ 12, ಉದ್ದಕ್ಕೆ 23 ಪಿಕ್ಸೆಲ್ ತುಂಬುತ್ತದೆ. ಟರೆಟ್, ಅಂದರೆ ಫಿರಂಗಿ ಕೂರಿಸಿದ ತಿರುಗುವ ತಲೆ, ಇದೆಯೋ ಇಲ್ಲವೋ ಗೊತ್ತಾಗುತ್ತದೆ. ನಳಿಕೆಯ ಗೆರೆ ಕಾಣುತ್ತದೆ. 50 ಸೆಂಟಿಮೀಟರ್ ಚಿತ್ರದಲ್ಲಿ ಅದೇ ಟ್ಯಾಂಕ್ 7 ಪಿಕ್ಸೆಲ್ ಅಗಲ, 14 ಉದ್ದ. ಎಣಿಸಬಹುದು, ಜಾತಿ ಹೇಳುವಾಗ ಕೈ ನಡುಗುತ್ತದೆ. ಪ್ಲಾನೆಟ್ ಕಂಪನಿ ದಿನವೂ ಕೊಡುವ 3 ಮೀಟರ್ ಚಿತ್ರದಲ್ಲಿ ಒಂದು ಟ್ಯಾಂಕ್ ಒಂದೆರಡು ಪಿಕ್ಸೆಲ್ ಅಷ್ಟೇ. ಯುರೋಪಿನ ಸೆಂಟಿನೆಲ್-2 ಪುಕ್ಕಟೆ, ಆದರೆ ಅದರದು 10 ಮೀಟರ್. ಒಂದು ಪಿಕ್ಸೆಲಿನ ಕಾಲುಭಾಗದಲ್ಲಿ ಇಡೀ ಟ್ಯಾಂಕ್ ಮುಳುಗಿಹೋಗುತ್ತದೆ.

ಹಾಗಂತ ಪುಕ್ಕಟೆ ಚಿತ್ರ ದಂಡ ಅಲ್ಲ. ಒತ್ತೊತ್ತಾಗಿ ನಿಂತ ನೂರಾರು ಟ್ಯಾಂಕ್ ಸೇರಿ ಒಂದು ಕಪ್ಪು ಪಟ್ಟೆಯಾಗಿ ಕಾಣುತ್ತವೆ. ಆ ಪಟ್ಟೆ ಬಣ್ಣ ಬದಲಿಸಿ ಮಣ್ಣಿನ ಬಣ್ಣಕ್ಕೆ ಬಂತು ಅಂದರೆ ಏನೋ ನಡೆದಿದೆ ಎಂದರ್ಥ. ಸೆಂಟಿನೆಲ್-2 ಐದು ದಿನಕ್ಕೊಮ್ಮೆ ಅದೇ ಜಾಗ ನೋಡುತ್ತದೆ. ಅದನ್ನು ಕಾವಲಿಗೆ ಇಟ್ಟುಕೊಂಡು, ಬದಲಾವಣೆ ಕಂಡಾಗ ಮಾತ್ರ ದುಬಾರಿ ಚಿತ್ರ ಕೊಳ್ಳುವುದು ಜಾಣತನ. ದುಬಾರಿ ಚಿತ್ರ ಚದರ ಕಿಲೋಮೀಟರ್ ಲೆಕ್ಕದಲ್ಲಿ ಮಾರುತ್ತಾರೆ, ಕನಿಷ್ಠ ಇಷ್ಟು ಕೊಳ್ಳಲೇಬೇಕು ಎಂಬ ಷರತ್ತೂ ಇರುತ್ತದೆ. ಹೊಸದಾಗಿ ತೆಗೆಸಿದರೆ ಬೆಲೆ ಜಾಸ್ತಿ. ಈಗಾಗಲೇ ಯಾರೋ ತೆಗೆಸಿ ಗೋದಾಮಿನಲ್ಲಿರುವ ಚಿತ್ರಕ್ಕೆ ಕಡಿಮೆ.

ಜಾತಿ ಗುರುತಿಸುವುದು ಅಭ್ಯಾಸದ ಮಾತು. ಮೇಲಿನಿಂದ ನೋಡುವಾಗ ಚಕ್ರ ಕಾಣುವುದಿಲ್ಲ, ಪಕ್ಕದ ಆಕಾರ ಕಾಣುವುದಿಲ್ಲ. ಕಾಣುವುದು ಟರೆಟ್ಟಿನ ರೂಪ, ಒಡಲಿನ ಅಳತೆ, ಹಿಂಭಾಗದ ಎಂಜಿನ್ ಮುಚ್ಚಳದ ವಿನ್ಯಾಸ. ಟಿ-54, ಟಿ-55, ಟಿ-62 ಇವುಗಳ ಟರೆಟ್ ದುಂಡಗೆ, ಒಡಲು ಸ್ವಲ್ಪ ಗಿಡ್ಡ. ಟಿ-55ಕ್ಕೂ ಟಿ-62ಕ್ಕೂ ಒಡಲಿನಲ್ಲಿ ಸ್ವಲ್ಪವೇ ವ್ಯತ್ಯಾಸ. ಟಿ-64, ಟಿ-72, ಟಿ-80 ಮೂರೂ ದಾಯಾದಿಗಳು, ಎಂಜಿನ್ ಭಾಗ ನೋಡಿಯೇ ಬೇರ್ಪಡಿಸಬೇಕು. ಒಂದು ನೆಲೆಯಲ್ಲಿ ಯಾವ ಜಾತಿಯನ್ನು ಇಡುತ್ತಿದ್ದರು ಎಂಬ ಹಳೆ ಮಾಹಿತಿ, ನೆಲದ ಮೇಲಿನ ಫೋಟೊ, ರೈಲಿನ ವಿಡಿಯೊ, ಇವೆಲ್ಲ ಜೊತೆಗಿದ್ದರೆ ಮಾತ್ರ ಧೈರ್ಯ ಬರುತ್ತದೆ. 2023ರ ಮಾರ್ಚ್‌ನಲ್ಲಿ ಅರ್ಸೆನ್ಯೆವ್‌ನಿಂದ ಟಿ-54, ಟಿ-55 ಹೇರಿಕೊಂಡ ರೈಲು ಹೊರಟ ಸುದ್ದಿ ನೆನಪಿದೆಯಾ? ಅದನ್ನು ರಷ್ಯಾ ಸೇನೆಯ ಓಡಾಟ ಗಮನಿಸುವ ‘ಕಾನ್‌ಫ್ಲಿಕ್ಟ್ ಇಂಟೆಲಿಜೆನ್ಸ್ ಟೀಮ್’ ತಂಡ ಹಿಡಿದದ್ದು ನೆಲದ ಮೇಲಿನ ಚಿತ್ರಗಳಿಂದ. ಆಕಾಶದ ಚಿತ್ರವೊಂದನ್ನೇ ನಂಬಿ ‘1950ರ ದಶಕದ ಟ್ಯಾಂಕ್ ಹೊರಟಿದೆ’ ಎಂದು ಸಾರಿದ್ದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ನೆರಳಿನ ಬಗ್ಗೆ ಒಂದು ಮಾತು. ಇದು ನನಗೆ ತುಂಬಾ ಇಷ್ಟದ ಭಾಗ, ಸ್ವಲ್ಪ ಸಹಿಸಿಕೊಳ್ಳಿ. ಟಿ-72 ಎತ್ತರ ಸುಮಾರು 2.2 ಮೀಟರ್. ಸೂರ್ಯ ದಿಗಂತದಿಂದ 60 ಡಿಗ್ರಿ ಮೇಲಿದ್ದರೆ ನೆರಳು ಒಂದೂಕಾಲು ಮೀಟರ್. 20 ಡಿಗ್ರಿಗೆ ಇಳಿದರೆ 6 ಮೀಟರ್. ಈ ಉದ್ದ ನೆರಳಿನಲ್ಲಿ ಟರೆಟ್, ನಳಿಕೆ ಎಲ್ಲ ನೆಲದ ಮೇಲೆ ಬರೆದಂತೆ ಮೂಡುತ್ತವೆ. ಟರೆಟ್ ಇಲ್ಲದ ಒಡಲು ತಕ್ಷಣ ಸಿಕ್ಕಿಬೀಳುತ್ತದೆ. ಆದರೆ ಬೂಯ್ ಇರುವುದು 58 ಡಿಗ್ರಿ ಉತ್ತರದಲ್ಲಿ. ಅಲ್ಲಿ ಡಿಸೆಂಬರ್ ಮೂರನೇ ವಾರ ನಡುಮಧ್ಯಾಹ್ನವೂ ಸೂರ್ಯ 8 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತಾನೆ. ನೆರಳು 15 ಮೀಟರಿಗೂ ಉದ್ದ, ಪಕ್ಕದ ಸಾಲನ್ನೇ ನುಂಗಿಬಿಡುತ್ತದೆ. ದಪ್ಪ ಹಿಮ ಬಿದ್ದರೆ ಎಲ್ಲವೂ ಬಿಳಿ ಗುಡ್ಡೆ. ತೆಳು ಹಿಮ ಬಿದ್ದಾಗ ಮಾತ್ರ ಪರಿಸ್ಥಿತಿ ತಿರುಗುತ್ತದೆ. ಹೊಸದಾಗಿ ಕದಲಿದ ವಾಹನದ ಚೈನಿನ ಗುರುತು, ನಿನ್ನೆ ಮೊನ್ನೆ ಖಾಲಿಯಾದ ಜಾಗದ ಕಪ್ಪು ಚೌಕ, ಎಲ್ಲ ಎದ್ದು ಕಾಣುತ್ತವೆ. ಬೇಸಿಗೆಯಲ್ಲಿ ಹುಲ್ಲು ಮಾತಾಡುತ್ತದೆ. ವರ್ಷಗಟ್ಟಲೆ ಕದಲದ ವಾಹನದ ಸುತ್ತ ಪೊದೆ ಬೆಳೆದಿರುತ್ತದೆ.

ಇಲ್ಲಿಂದ ಲೆಕ್ಕದ ನಿಜವಾದ ಕಷ್ಟ ಶುರು. ನಮ್ಮ ಪೊಲೀಸ್ ಠಾಣೆಗಳ ಹಿಂದೆ ಜಪ್ತಿ ಮಾಡಿದ ಬೈಕುಗಳು ನಿಂತಿರುತ್ತವಲ್ಲ, ಎಣಿಸಿದರೆ ನೂರಿರುತ್ತವೆ, ಓಡುವಂಥವು ಎಷ್ಟು? ಸೈಬೀರಿಯಾದ್ದೂ ಅದೇ ಕತೆ. ಮೂವತ್ತು ವರ್ಷದಲ್ಲಿ ಎಂಜಿನ್ ಬಿಚ್ಚಿಕೊಂಡಿದ್ದಾರೆ, ದೃಷ್ಟಿ ಉಪಕರಣ ಕಿತ್ತಿದ್ದಾರೆ, ತಾಮ್ರದ ತಂತಿ ಮಾಯವಾಗಿದೆ. ಹೊರಗಿನಿಂದ ಕಾಣುವ ಲಕ್ಷಣ ಕೆಲವೇ: ಟರೆಟ್ ಇಲ್ಲ, ಎಂಜಿನ್ ಮುಚ್ಚಳ ತೆರೆದಿದೆ, ಸಾಲು ತಪ್ಪಿ ಅಡ್ಡಾದಿಡ್ಡಿ ಬಿದ್ದಿದೆ, ತುಕ್ಕಿನ ಬಣ್ಣ. ಒಳಗೆ ಏನಿದೆ ಎಂದು ಯಾವ ಉಪಗ್ರಹವೂ ಹೇಳಲಾರದು. ಹಾಗಾಗಿ ಒಳ್ಳೆಯ ಎಣಿಕೆಗಾರರು ಒಂದು ಸಂಖ್ಯೆ ಕೊಟ್ಟು ಸುಮ್ಮನಾಗುವುದಿಲ್ಲ. ಚೆನ್ನಾಗಿ ಕಾಣುವವು, ಹಾಳಾದವು, ಬರೀ ಒಡಲು ಎಂದು ಬೇರೆ ಬೇರೆ ಬರೆದಿಡುತ್ತಾರೆ. ‘ಇನ್ನೂ ಇಷ್ಟು ಸಾವಿರ ಇದೆ’ ಎಂದು ಎಲ್ಲವನ್ನೂ ಒಟ್ಟು ಹಾಕಿದ ಅಂಕಿ ಕಂಡರೆ ನಾನು ಮುಂದೆ ಓದುವುದೇ ಇಲ್ಲ.

ಯಾವುದನ್ನು ಮೊದಲು ಎತ್ತಿದರು ಎಂಬುದರಲ್ಲೂ ಮಾಹಿತಿ ಇದೆ. ಚೆನ್ನಾಗಿದ್ದವು ಮೊದಲು ಹೋದವು, ಅದು ಸಹಜ. ಟಿ-62 ಯುದ್ಧದ ಮೊದಲ ವರ್ಷವೇ, 2022ರ ಬೇಸಿಗೆಯಲ್ಲೇ, ದಕ್ಷಿಣ ಉಕ್ರೇನಿನಲ್ಲಿ ಕಾಣಿಸಿಕೊಂಡಿತು. ಅದೇ ಅಕ್ಟೋಬರ್‌ನಲ್ಲಿ ರಷ್ಯಾದ ಸಂಸದ ಆಂಡ್ರೇ ಗುರುಲ್ಯೋವ್, ಚಿಟಾ ಹತ್ತಿರದ ಅತಮಾನೊವ್ಕಾ ದುರಸ್ತಿ ಕಾರ್ಖಾನೆ ಮೂರು ವರ್ಷದಲ್ಲಿ 800 ಟಿ-62ಗಳನ್ನು ಸುಧಾರಿಸಿ ಕೊಡಲಿದೆ ಎಂದು ಬಾಯಿಬಿಟ್ಟರು. ಆದರೆ ಟಿ-62ಗಿಂತ ಹೊಸದಾದ, ಹೆಚ್ಚು ಬಲದ ಟಿ-64 ಅಷ್ಟಾಗಿ ಕದಲಲಿಲ್ಲ. ಯಾಕೆ? ಅದರ ಎಂಜಿನ್, ಬಿಡಿಭಾಗ, ಕಾರ್ಖಾನೆ ಎಲ್ಲ ಇದ್ದದ್ದು ಖಾರ್ಕಿವ್‌ನಲ್ಲಿ. ಅಂದರೆ ಶತ್ರುವಿನ ಊರಲ್ಲಿ! ಬಯಲಲ್ಲಿ ನಿಂತಿದೆ ಎಂದ ಮಾತ್ರಕ್ಕೆ ದಾಸ್ತಾನು ಅಂತ ಕರೆಯಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಶೆಡ್‌ಗಳು. ಚಾವಣಿ ಕೆಳಗಿನದ್ದು ಕಾಣುವುದಿಲ್ಲ. ರೇಡಾರ್ ಉಪಗ್ರಹ ಮೋಡ, ಕತ್ತಲೆ ದಾಟಿ ನೋಡುತ್ತದೆ, ತಗಡಿನ ಚಾವಣಿ ದಾಟಲಾರದು. ಶೆಡ್ಡಿನ ಉದ್ದಗಲ ಅಳೆದು ಎಷ್ಟು ಹಿಡಿಸಬಹುದು ಎಂದು ಅಂದಾಜು ಮಾಡುತ್ತಾರೆ. ಅದು ಗರಿಷ್ಠ ಮಿತಿ ಮಾತ್ರ. ಒಳ್ಳೆಯ ಟ್ಯಾಂಕ್‌ಗಳನ್ನೇ ಶೆಡ್ಡಿನಲ್ಲಿಡುವುದು ವಾಡಿಕೆ, ಹಾಗಾಗಿ ಮೊದಲ ತಿಂಗಳುಗಳಲ್ಲಿ ಅಲ್ಲಿಂದಲೇ ಹೋಗಿರಬೇಕು. ಅಂದರೆ ಬಯಲಿನ ಸಾಲು ಕರಗಲು ಶುರುವಾಗುವ ಮೊದಲೇ ದಾಸ್ತಾನು ಕರಗುತ್ತಿತ್ತು, ಚಿತ್ರದಲ್ಲಿ ಮಾತ್ರ ಏನೂ ಕಾಣುತ್ತಿರಲಿಲ್ಲ.

ಎರಡು ಸಲ ಎಣಿಸುವ ಅಪಾಯ ಇನ್ನೊಂದು. ಒಂದು ನೆಲೆಯ ಚಿತ್ರ ಏಪ್ರಿಲ್‌ನದ್ದು, ಇನ್ನೊಂದರದು ಅಕ್ಟೋಬರ್‌ನದ್ದು ಎಂದಿಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಮೊದಲ ನೆಲೆಯಲ್ಲಿದ್ದ ಐವತ್ತು ಟ್ಯಾಂಕ್ ಜುಲೈನಲ್ಲಿ ಎರಡನೆಯದಕ್ಕೆ ಹೋಗಿದ್ದರೆ ನಿಮ್ಮ ಮೊತ್ತದಲ್ಲಿ ನೂರಾಗುತ್ತವೆ. ದುರಸ್ತಿ ಕಾರ್ಖಾನೆಯ ಅಂಗಳದಲ್ಲಿ ನಿಂತವು ಇನ್ನೂ ಗೊಂದಲ. ಅವು ದಾಸ್ತಾನಿನಿಂದ ಹೊರಟಿವೆ, ರಣರಂಗ ತಲುಪಿಲ್ಲ. ಅವಕ್ಕೆ ಬೇರೆ ಖಾನೆಯೇ ಬೇಕು. ಒಳ್ಳೆಯ ಪಟ್ಟಿಯಲ್ಲಿ ಪ್ರತಿ ಸಂಖ್ಯೆಯ ಪಕ್ಕ ಚಿತ್ರದ ತಾರೀಖು ಇರುತ್ತದೆ.

ಎಐ ಬಿಟ್ಟು ಎಣಿಸಬಾರದಾ ಎಂದು ಕೇಳುವವರಿದ್ದಾರೆ. ಬಿಡಿ ಬಿಡಿಯಾಗಿ ನಿಂತ ಗಟ್ಟಿ ವಾಹನಗಳನ್ನು ಯಂತ್ರ ಚೆನ್ನಾಗಿ ಎಣಿಸುತ್ತದೆ. ಒಂದಕ್ಕೊಂದು ಅಂಟಿ ನಿಂತ, ಅರ್ಧ ಪೊದೆ ಮುಚ್ಚಿದ, ತಲೆ ಹಾರಿದ ಸಾಲು ಸಿಕ್ಕರೆ ತಬ್ಬಿಬ್ಬಾಗುತ್ತದೆ. ಇಬ್ಬರು ಬೇರೆ ಬೇರೆ ಕೂತು ಕೈಯಿಂದ ಎಣಿಸಿ, ಆಮೇಲೆ ತಾಳೆ ನೋಡುವುದಕ್ಕೆ ಸಮನಾದದ್ದು ಸದ್ಯಕ್ಕಿಲ್ಲ.

ಸರಿ, ಅಂಕಿ ಏನು ಹೇಳುತ್ತದೆ? ಯುದ್ಧಕ್ಕೆ ಮುಂಚೆ ದೇಶಗಳ ಸೇನಾಬಲ ಲೆಕ್ಕವಿಡುವ ಲಂಡನ್ನಿನ ಐಐಎಸ್ಎಸ್ ಸಂಸ್ಥೆಯ ವಾರ್ಷಿಕ ಕೈಪಿಡಿ ರಷ್ಯಾದ ದಾಸ್ತಾನಿನಲ್ಲಿ 10,200 ಟ್ಯಾಂಕ್ ಇವೆ ಎನ್ನುತ್ತಿತ್ತು: 7,000 ಟಿ-72, 3,000 ಟಿ-80, 200 ಟಿ-90. ಎಷ್ಟು ಚೊಕ್ಕ ಸಂಖ್ಯೆ ನೋಡಿ! ಟಿ-62 ಆ ಪಟ್ಟಿಯಲ್ಲೇ ಇಲ್ಲ. ಚಿತ್ರ ನೋಡಿ ಎಣಿಸಿದವರಿಗೆ ಯುದ್ಧದ ಮುಂಚಿನ ಬಯಲುಗಳಲ್ಲಿ ಸಿಕ್ಕಿದ್ದು, ಎಲ್ಲ ಜಾತಿ ಸೇರಿ, ಏಳು ಸಾವಿರದ ಆಸುಪಾಸು. 2023ರ ಕೈಪಿಡಿಯಲ್ಲಿ ಐಐಎಸ್ಎಸ್ ತಾನೂ 5,000ಕ್ಕೆ ಇಳಿಯಿತು. 2025ರ ಮಧ್ಯದ ಹೊತ್ತಿಗೆ ಹವ್ಯಾಸಿಗಳ ಎಣಿಕೆಯಲ್ಲಿ ಉಳಿದದ್ದು ಮೊದಲಿದ್ದುದರ ಅರ್ಧಕ್ಕಿಂತ ಕಡಿಮೆ, ಅದರಲ್ಲೂ ದೊಡ್ಡ ಪಾಲು ಹಾಳಾದದ್ದು.

ಇದನ್ನು ಇನ್ನೊಂದು ಕಡೆಯಿಂದಲೂ ತಾಳೆ ನೋಡಬಹುದು. ‘ಓರಿಕ್ಸ್’ ತಂಡ ಫೋಟೊ ಅಥವಾ ವಿಡಿಯೊ ಸಾಕ್ಷಿ ಇದ್ದರೆ ಮಾತ್ರ ನಷ್ಟ ಎಂದು ಬರೆಯುತ್ತದೆ. 2024ರ ಮಧ್ಯದ ಹೊತ್ತಿಗೆ ಅವರ ಪಟ್ಟಿಯಲ್ಲಿ ರಷ್ಯಾದ ಟ್ಯಾಂಕ್ ನಷ್ಟ 3,000 ದಾಟಿತ್ತು. ಫೋಟೊಗೆ ಸಿಗದ ನಷ್ಟವೂ ಇರುವುದರಿಂದ ಇದು ಕನಿಷ್ಠ ಲೆಕ್ಕ. ಇಷ್ಟು ಕಳಕೊಂಡೂ ರಣರಂಗದಲ್ಲಿ ಟ್ಯಾಂಕ್ ಇದ್ದವು ಅಂದರೆ ಸಾವಿರಾರು ಎಲ್ಲಿಂದಲೋ ಬರಬೇಕಲ್ವಾ? ಬಯಲಿನಿಂದ ಹೊರಟ ಸಂಖ್ಯೆ ಅದಕ್ಕೆ ಹೊಂದುತ್ತದೆ. ಎರಡು ಬೇರೆ ಬೇರೆ ದಾರಿಯ ಲೆಕ್ಕ ಒಂದೇ ಕಡೆ ಬಂದು ಸೇರುವುದರಿಂದ ನಾನು ಈ ಎಣಿಕೆಯನ್ನು ನಂಬುತ್ತೇನೆ.

ನಂಬದೇ ಇರುವುದು ‘ಇನ್ನು ಹದಿನೆಂಟು ತಿಂಗಳಲ್ಲಿ ಖಾಲಿ’ ಎಂಬ ತರಹದ ಭವಿಷ್ಯವನ್ನು. ಇಲ್ಲಿಯವರೆಗಿನ ವೇಗ ಹಿಡಿದು ಸ್ಕೇಲ್ ಇಟ್ಟು ಗೆರೆ ಎಳೆದರೆ ಎಲ್ಲೋ ಒಂದು ಕಡೆ ಸೊನ್ನೆ ಮುಟ್ಟುತ್ತದೆ. ದಾಸ್ತಾನು ಹಾಗೆ ಮುಗಿಯುವುದಿಲ್ಲ. ಒಳ್ಳೆಯದು ಹೋದ ಮೇಲೆ ಉಳಿದದ್ದನ್ನು ದುರಸ್ತಿ ಮಾಡಲು ಹೆಚ್ಚು ಸಮಯ ಬೇಕು, ವೇಗ ತಾನಾಗಿ ಬೀಳುತ್ತದೆ. ವೇಗ ಬಿದ್ದದ್ದಕ್ಕೆ ಬೇರೆ ಕಾರಣವೂ ಇರಬಹುದು. 2024-25ರಲ್ಲಿ ಡ್ರೋನ್‌ಗಳ ಕಾಟಕ್ಕೆ ರಷ್ಯಾದ ಪಡೆಗಳು ಟ್ಯಾಂಕ್ ಸಾಲುಗಳನ್ನು ಬಿಟ್ಟು ಸಣ್ಣ ಸಣ್ಣ ಕಾಲಾಳು ಗುಂಪು, ಮೋಟಾರ್‌ಸೈಕಲ್‌ಗಳಲ್ಲಿ ನುಗ್ಗತೊಡಗಿದವು. ನಷ್ಟ ಕಡಿಮೆಯಾದರೆ ಬೇಡಿಕೆಯೂ ಕಡಿಮೆ. ರಷ್ಯಾದ ಉರಲ್‌ವಗೊನ್‌ಜವೊದ್ ಕಾರ್ಖಾನೆ ಟಿ-90ಎಂ ಎಂಬ ಹೊಸ ಟ್ಯಾಂಕ್ ತಯಾರಿಸುತ್ತಲೇ ಇದೆ. ‘ಎತ್ತುವುದಕ್ಕೆ ಏನೂ ಉಳಿದಿಲ್ಲ’, ‘ಎತ್ತುವ ಅಗತ್ಯ ಇಲ್ಲ’ ಎರಡಕ್ಕೂ ಆಕಾಶದಿಂದ ಕಾಣುವ ಚಿತ್ರ ಒಂದೇ: ಸಾಲು ಕದಲುತ್ತಿಲ್ಲ.

ಫಿರಂಗಿಗಳ ಲೆಕ್ಕ ಇನ್ನೂ ಜಟಿಲ. ಎಳೆದೊಯ್ಯುವ ಫಿರಂಗಿ ತೆಳು, ಒತ್ತಾಗಿ ಜೋಡಿಸಿದರೆ 30 ಸೆಂಟಿಮೀಟರ್ ಚಿತ್ರದಲ್ಲೂ ಕಡ್ಡಿ ರಾಶಿಯಂತೆ ಕಾಣುತ್ತದೆ. ಅದಕ್ಕಿಂತ ದೊಡ್ಡ ವಿಷಯ ಎಂದರೆ, ಎಷ್ಟೋ ಫಿರಂಗಿಗಳನ್ನು ಎತ್ತಿದ್ದು ಬಳಸಲಿಕ್ಕಲ್ಲ, ನಳಿಕೆ ಬಿಚ್ಚಿಕೊಳ್ಳಲಿಕ್ಕೆ. ಹಾರಿಸಿ ಹಾರಿಸಿ ನಳಿಕೆ ಸವೆಯುತ್ತದೆ, ಹೊಸದು ಮಾಡುವ ಭಾರಿ ಯಂತ್ರಗಳು ಎಲ್ಲ ಕಡೆ ಇರುವುದಿಲ್ಲ. ಹಳೆ ಫಿರಂಗಿಯ ನಳಿಕೆ ತೆಗೆದು ಈಗಿನದಕ್ಕೆ ಹಾಕಿದರೆ ಗಾಡಿ ಅಲ್ಲೇ ಉಳಿಯುತ್ತದೆ. ಎಣಿಸುವವನ ಕಣ್ಣಿಗೆ ಫಿರಂಗಿ ಇದೆ, ನಿಜದಲ್ಲಿ ಇಲ್ಲ.

ನೀವು ಶುರು ಮಾಡುವುದಾದರೆ ಕಂಪ್ಯೂಟರ್‌ನಲ್ಲಿ ಗೂಗಲ್ ಅರ್ತ್ ಪ್ರೊ ಹಾಕಿಕೊಳ್ಳಿ, ಪುಕ್ಕಟೆ. ಗಡಿಯಾರದ ಗುರುತು ಒತ್ತಿದರೆ ಹಳೆ ಚಿತ್ರಗಳು ತಾರೀಖಿನ ಸಮೇತ ಬರುತ್ತವೆ. ವಗ್ಜಾನೋವೊ ಅಥವಾ ಅರ್ಸೆನ್ಯೆವ್ ಹುಡುಕಿ. ಮೊದಲು ಯುದ್ಧದ ಮುಂಚಿನ ಒಂದೇ ಚಿತ್ರ ತೆಗೆದುಕೊಂಡು, ಒಂದೇ ಸಾಲು ಎಣಿಸಿ. ಮರುದಿನ ಹಿಂದಿನ ಸಂಖ್ಯೆ ನೋಡದೆ ಅದೇ ಸಾಲನ್ನು ಮತ್ತೆ ಎಣಿಸಿ. ಎರಡರ ನಡುವೆ ಎಷ್ಟು ವ್ಯತ್ಯಾಸ ಬರುತ್ತದೋ ಅಷ್ಟು ನಿಮ್ಮ ಕಣ್ಣಿನ ತಪ್ಪು. ಅದಕ್ಕಿಂತ ಸಣ್ಣ ಬದಲಾವಣೆಯನ್ನು ಬದಲಾವಣೆ ಎಂದು ಬರೆಯಬೇಡಿ. ಕಾವಲಿಗೆ ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಸೆಂಟಿನೆಲ್-2 ನೋಡಿ. ನಮ್ಮ ಇಸ್ರೋದ ಕಾರ್ಟೊಸ್ಯಾಟ್-3 ಉಪಗ್ರಹದ ಕಪ್ಪು-ಬಿಳುಪು ಚಿತ್ರ 25 ಸೆಂಟಿಮೀಟರ್ ಮಟ್ಟದ್ದು, ಈ ಕೆಲಸಕ್ಕೆ ಹೇಳಿಮಾಡಿಸಿದಂಥದ್ದು. ಬೆಂಗಳೂರಿನ ಪಿಕ್ಸೆಲ್ ಕಂಪನಿ 2025ರ ಜನವರಿಯಲ್ಲಿ ಹಾರಿಸಿದ ಫೈರ್‌ಫ್ಲೈ ಉಪಗ್ರಹಗಳ ಚಿತ್ರ 5 ಮೀಟರಿನದ್ದು. ಬೆಳೆ, ಮಾಲಿನ್ಯ ನೋಡಲಿಕ್ಕೆ ಒಳ್ಳೆಯದು, ಟ್ಯಾಂಕ್ ಎಣಿಸಲು ಆಗದು.

ಚಿತ್ರ ಮಾರುವ ಕಂಪನಿಗಳ ಕೀಲಿ ಕೈ ಬೇರೆಯವರ ಹತ್ತಿರ ಇರುತ್ತದೆ ಎಂಬುದೂ ಗೊತ್ತಿರಲಿ. 2025ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ತನ್ನ ಕಾರ್ಯಕ್ರಮದ ಮೂಲಕ ಉಕ್ರೇನಿಗೆ ಸಿಗುತ್ತಿದ್ದ ಮ್ಯಾಕ್ಸಾರ್ ಎಂಬ ಉಪಗ್ರಹ ಕಂಪನಿಯ ಚಿತ್ರಗಳನ್ನು ಸ್ವಲ್ಪ ಕಾಲ ನಿಲ್ಲಿಸಿತ್ತು. ಒಂದು ಮೂಲವನ್ನೇ ನೆಚ್ಚಿಕೊಂಡ ಎಣಿಕೆ ಅಂಥ ದಿನ ಕೈಕಟ್ಟಿ ಕೂರಬೇಕಾಗುತ್ತದೆ.

ಕೊನೆಗೊಂದು ಎಚ್ಚರಿಕೆ. ಈ ಅಭ್ಯಾಸವನ್ನು ನಮ್ಮ ದೇಶದ ಸೇನಾ ಜಾಗಗಳ ಮೇಲೆ ಮಾಡಿ ಎಲ್ಲೂ ಹಾಕಬೇಡಿ. 1923ರ ಅಧಿಕೃತ ರಹಸ್ಯ ಕಾಯ್ದೆ ಇನ್ನೂ ಜಾರಿಯಲ್ಲಿದೆ.